ಇಲ್ಲದ ಸಿಡಿ ಡ್ರೈವಿಗೆ ಡ್ರೈವರ್ ಎಲ್ಲಿಂದ ತರೋದು?

"ಸಿಡಿ ಡ್ರೈವಿನ ಡ್ರೈವರ್ ಸಿಗ್ತಿಲ್ಲ ಅಂತಿದೆ ಕಣ್ರೋ," ಅಂದ ಗೆಳೆಯ. ಹಳೇ ಸ್ಕ್ಯಾನರ್ ಒಂದರ ಮೋಹಕ್ಕೆ ಬಿದ್ದು ವಿಂಡೋಸ್ 7 ಹಾಕಲು ಕೂತಿದ್ದ. ಅದರ ಸಾಫ್ಟ್‌ವೇರ್ ಬೇರೆ ಯಾವುದರಲ್ಲೂ ಓಡಲ್ಲವಂತೆ. ಡ್ರೈವರ್ ಅಂದರೆ ಒಂದೊಂದು ಸಾಧನದ ಜೊತೆ ಮಾತಾಡಲು ವಿಂಡೋಸ್‌ಗೆ ಬೇಕಾದ ಪುಟ್ಟ ಸಾಫ್ಟ್‌ವೇರ್.

ನಾವು ಮೂವರೂ ಕಂಪ್ಯೂಟರಿಗೆ ಒಂದು ಪ್ರದಕ್ಷಿಣೆ ಹಾಕಿದೆವು. ಅದರಲ್ಲಿ ಸಿಡಿ ಡ್ರೈವೇ ಇಲ್ಲ! ಅವನು ಹಾಕುತ್ತಿದ್ದದ್ದು ಪೆನ್‌ಡ್ರೈವಿನಿಂದ.

"ಕೂಸೇ ಇಲ್ಲ, ಕುಲಾವಿ ಕೇಳ್ತಿದೆಯಲ್ಲೋ," ಅಂದೆ.

ಅಷ್ಟರಲ್ಲಿ ಸ್ಕ್ರೂಡ್ರೈವರ್ ಕೆಲಸ ಶುರುಮಾಡಿದ್ದ. ಅದು ಅವನ ಅಡ್ಡಹೆಸರು. ಟಾರ್ಚಿನ ಸೆಲ್ ಮುಗಿದರೂ ಇವನ ಕೈ ಮೊದಲು ಹೋಗುವುದು ತಿರುಪಿನ ಮೇಲೆ. ಪಕ್ಕದ ತಗಡು ತೆಗೆದು, ಡಿಸ್ಕಿನ ಸಾಟಾ ಕೇಬಲ್ ಕಿತ್ತು, ಉಫ್ ಅಂತ ಊದಿ, ಮತ್ತೆ ಸಿಕ್ಕಿಸಿದ. ಅದೇ ರಾಗ. ಇನ್ನೊಂದು ಸಲ ಊದಿದ. ಧೂಳು ನನ್ನ ಕಣ್ಣಿಗೆ ಬಂತು, ಡ್ರೈವರ್ ಬರಲಿಲ್ಲ.

"ಪೆನ್‌ಡ್ರೈವಿನಲ್ಲೇ ಒಂದಷ್ಟು ಡ್ರೈವರ್ ತುಂಬಿಟ್ಟಿದ್ದೀನಿ," ಅಂತ ಗೆಳೆಯ ಬ್ರೌಸ್ ಒತ್ತಿದ. ನೋಡಿದರೆ ಪೆನ್‌ಡ್ರೈವೇ ಮಾಯ!

"ಈಗ ತಾನೇ ಅದರಿಂದಲೇ ಎದ್ದು ಬಂತಲ್ಲೋ!"

"ಎಬ್ಬಿಸಿದ್ದು ಬಯೋಸ್, ಅಂದ್ರೆ ವಿಂಡೋಸ್‌ಗೂ ಮೊದಲು ಓಡೋ ಮದರ್‌ಬೋರ್ಡಿನ ಸಾಫ್ಟ್‌ವೇರ್," ಅಂದರು ಮೇಷ್ಟ್ರು. ನಮ್ಮಷ್ಟೇ ವಯಸ್ಸಿನವನು, ಪಾಠ ಮಾಡುವ ಚಟ ನೋಡಿ ಬಹುವಚನ ಕೊಟ್ಟಿದ್ದೇವೆ. "ಎದ್ದ ಮೇಲೆ ಇನ್‌ಸ್ಟಾಲರ್ ತನ್ನ ಚೀಲದಲ್ಲಿರೋ ಡ್ರೈವರ್ ಮಾತ್ರ ನಂಬುತ್ತೆ. ವಿಂಡೋಸ್ 7 ಬಂದದ್ದು 2009ರಲ್ಲಿ. ಯುಎಸ್‌ಬಿ 3ರ ಡ್ರೈವರ್ ಅದರ ಚೀಲದಲ್ಲಿಲ್ಲ. ಎಲ್ಲಿ ಚುಚ್ಚಿದ್ದೀಯ, ತೋರಿಸು."

ಬಗ್ಗಿ ನೋಡಿದೆವು. ಪೋರ್ಟಿನೊಳಗೆ ನಾಲಿಗೆಯಂಥ ಪ್ಲಾಸ್ಟಿಕ್ ಪಟ್ಟಿ, ಅಚ್ಚ ನೀಲಿ. ಪಕ್ಕದಲ್ಲೇ ಎರಡು ಕಪ್ಪು ನಾಲಿಗೆಗಳು ಸುಮ್ನೆ ಕೂತಿದ್ದವು. ಅವು ಯುಎಸ್‌ಬಿ 2. ಕ್ಯಾನ್ಸಲ್ ಒತ್ತಿ, ಪೆನ್‌ಡ್ರೈವ್ ಕಿತ್ತು ಕಪ್ಪಿಗೆ ಚುಚ್ಚಿ, ಮತ್ತೆ ಇನ್‌ಸ್ಟಾಲ್ ನೌ ಒತ್ತಿದೆವು. ಲೈಸೆನ್ಸ್ ಪುಟ ಬಂತು. ಯಾರೂ ಓದದ ಆ ಪುಟ ಕಂಡು ನಾಲ್ಕು ಜನ ಚಪ್ಪಾಳೆ ತಟ್ಟಿದ್ದು ಅದೇ ಮೊದಲಿರಬೇಕು.

"ಇದನ್ನ ನೆಟ್ಟಗೆ ಹೇಳೋಕೆ ಅದಕ್ಕೇನು ರೋಗ?"

"ಅದರ ಕಾಲದಲ್ಲಿ ಜಾಸ್ತಿ ಜನ ಡಿವಿಡಿಯಿಂದಲೇ ಹಾಕ್ತಿದ್ರು. ತಾನು ಬಂದ ಜಾಗ ಕಾಣದಿದ್ರೆ ಸಿಡಿ ಡ್ರೈವ್ ಮೇಲೇ ಗೂಬೆ ಕೂರಿಸುತ್ತೆ. ಐಎಸ್‌ಒ ಫೈಲ್, ಅಂದ್ರೆ ಇಡೀ ವಿಂಡೋಸ್ ಡಿಸ್ಕಿನ ನಕಲು, ಅರೆಬರೆ ಇಳಿದಿದ್ರೂ ಇದೇ ಹಾಡು."

"ನನ್ನ ಲ್ಯಾಪ್‌ಟಾಪ್ ಕಥೆ ಕೇಳಿ," ಅಂದೆ. "ವಿಂಡೋಸ್ 11 ಹಾಕಲು ಹೋದರೆ ಡಿಸ್ಕ್ ಪಟ್ಟಿಯೇ ಖಾಲಿ. ಬಯೋಸ್‌ನಲ್ಲಿ ಎಸ್‌ಎಸ್‌ಡಿ ಕಾಣುತ್ತೆ!"

"ಇಂಟೆಲ್ 11ನೇ ತಲೆಮಾರು ಅಥವಾ ಈಚಿನದಾ? ಹಾಗಾದ್ರೆ ವಿಎಂಡಿ, ಅಂದ್ರೆ ಎಸ್‌ಎಸ್‌ಡಿಗಳನ್ನ ನೋಡಿಕೊಳ್ಳೋ ಇಂಟೆಲ್ ವ್ಯವಸ್ಥೆ, ಆನ್ ಆಗಿರಬಹುದು. ಅದರ ಡ್ರೈವರ್ ಕೊಟ್ಟರೆ ಡಿಸ್ಕ್ ಕಾಣುತ್ತೆ."

"ಬಯೋಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡಿದ್ರೆ?"

"ಮಾಡಬಹುದು. ಆದರೆ ಒಳಗಿರೋ ಹಳೇ ವಿಂಡೋಸ್ ಆಮೇಲೆ ನೀಲಿ ಪರದೆ ತೋರಿಸೀತು. ಡ್ರೈವರ್ ಹಾಕಿ ನೋಡಿದ್ಯಾ?"

"ಹೂಂ, ಇಳಿಸಿ ಪೆನ್‌ಡ್ರೈವಿಗೆ ಹಾಕಿದ್ದೆ. ಅದೂ ಕಾಣಲಿಲ್ಲ."

"ಇಎಕ್ಸ್‌ಇ ಫೈಲನ್ನ ಹಾಗೇ ಹಾಕಿದ್ಯಾ?"

"ಮತ್ತೆ ಹೇಗೆ ಹಾಕೋದು?"

"ಇನ್‌ಸ್ಟಾಲರ್ ಹುಡುಕೋದು ಒಳಗಿರೋ ಐಎನ್‌ಎಫ್ ಫೈಲನ್ನ, ಅಂದ್ರೆ ಡ್ರೈವರಿನ ವಿವರ ಇರೋ ಫೈಲನ್ನ. ಇಎಕ್ಸ್‌ಇಯನ್ನ ಮೊದಲು ಬಿಚ್ಚಬೇಕು ಕಣೋ."

ಬಿಚ್ಚಬೇಕು ಅಂದದ್ದೇ ತಡ, ಸ್ಕ್ರೂಡ್ರೈವರ್ ನನ್ನ ಲ್ಯಾಪ್‌ಟಾಪ್ ಬೋರಲು ಹಾಕಿಬಿಟ್ಟಿದ್ದ.