ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸೋಣ ಅಂತಿದ್ದೇವೆ, ಮಾಡಿ ನೋಡಿದವರು ಹೇಳ್ತೀರಾ?

ಮಗಳಿಗೆ ಎಂಟು ವರ್ಷ. ಒಂದು ವರ್ಷದಿಂದ ಶಾಲೆ ಇರುವ ದಿನವೆಲ್ಲ ಬೆಳಗ್ಗೆ ಹೊಟ್ಟೆನೋವು, ರಜೆ ಬಂದರೆ ಇಲ್ಲ. ಡಾಕ್ಟರ್ ಹತ್ತಿರ ತೋರಿಸಿದ್ದಾಯಿತು, ಏನೂ ತೊಂದರೆ ಇಲ್ಲ ಅಂದರು. ಶಾಲೆಯವರ ಜೊತೆ ಮೂರು ಸಲ ಕೂತು ಮಾತಾಡಿದೆವು, ಏನೂ ಬದಲಾಗಲಿಲ್ಲ. ನನಗೆ ಅರ್ಧ ದಿನದ ಕೆಲಸ, ಗಂಡನಿಗೆ ಪೂರ್ತಿ ದಿನ. ದಿನ ಹೇಗೆ ನಡೆಸ್ತೀರಿ, ಅವಳಿಗೆ ಗೆಳೆಯರು ಎಲ್ಲಿಂದ ಬರ್ತಾರೆ, ಮುಂದೆ ಪರೀಕ್ಷೆ ಗತಿ ಏನು? ಈ ಮೂರಕ್ಕೆ ನಿಮ್ಮ ಅನುಭವ ಬೇಕು.

ಉತ್ತರ 1 (ಹನ್ನೊಂದು ವರ್ಷದಿಂದ ಮನೆಯಲ್ಲಿ ಕಲಿಸುತ್ತಿರುವ ತಾಯಿ)

ನಿಮ್ಮ ಹೊಟ್ಟೆಯೊಳಗಿನ ಸಂಕಟ ನನಗೆ ಗೊತ್ತು, ನಾನೂ ಅಲ್ಲಿಂದಲೇ ಬಂದವಳು. ಮೊದಲಿಗೆ ಒಂದೇ ಮಾತು: ಶಾಲೆಯನ್ನು ಮನೆಗೆ ತರಬೇಡಿ. ನಾನು ಮಾಡಿದ ತಪ್ಪು ಅದೇ. ಮಗನಿಗೆ ಆಗ ಏಳು. ಗೋಡೆಗೆ ವೇಳಾಪಟ್ಟಿ ಅಂಟಿಸಿದೆ, ನಲವತ್ತು ನಿಮಿಷಕ್ಕೊಂದು ಪೀರಿಯಡ್, ಮಧ್ಯೆ ಹತ್ತು ನಿಮಿಷ ಬಿಡುವು, ತಿದ್ದುವುದಕ್ಕೆ ಕೆಂಪು ಪೆನ್ನು ಬೇರೆ. ಎರಡನೇ ವಾರ ಇರಬೇಕು. ಮಗ್ಗಿ ಹೇಳಿಸ್ತಾ ಇದ್ದೆ, ಅವನು ಸುಮ್ನೆ ಕೈ ಎತ್ತಿ ಕೂತ. ಏನೋ ಅಂದೆ. ‘ಒಂದಕ್ಕೆ ಹೋಗ್ಲಾ?’ ಅಂದ. ಅವನದೇ ಮನೆ, ಎದುರಿಗೆ ಕೂತಿರೋಳು ಹೆತ್ತ ತಾಯಿ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಎದ್ದು ವೇಳಾಪಟ್ಟಿ ಕಿತ್ತು ಹಾಕಿದೆ.

ಆಮೇಲೆ ಎರಡು ತಿಂಗಳು ಏನೂ ಪಾಠ ಮಾಡಲಿಲ್ಲ. ಶಾಲೆಯಲ್ಲಿ ಕಳೆದ ಒಂದೊಂದು ವರ್ಷಕ್ಕೂ ಒಂದೊಂದು ತಿಂಗಳು ಬಿಡುವು ಕೊಡಿ ಅಂತ ಈ ದಾರಿಯಲ್ಲಿ ನಡೆದವರು ಹೇಳುವ ಒಂದು ಲೆಕ್ಕ ಇದೆ. ಅದೇನು ನಿಯಮ ಅಲ್ಲ, ಆದರೆ ನಮಗೆ ಬಹಳ ಉಪಯೋಗಕ್ಕೆ ಬಂತು. ಅವನು ನಿದ್ದೆ ಮಾಡಿದ, ಆಡಿದ, ಕೆಟ್ಟುಹೋಗಿದ್ದ ಒಂದು ಹಳೇ ಗೋಡೆ ಗಡಿಯಾರ ಬಿಚ್ಚಿದ. ಒಂದು ದೊಡ್ಡ ಚಕ್ರದ ಹಲ್ಲು ಎಣಿಸಿದರೆ 64, ಅದಕ್ಕೆ ಸೇರಿಕೊಂಡಿದ್ದ ಚಿಕ್ಕದರಲ್ಲಿ 8. ಚಿಕ್ಕದರ ಒಂದು ಹಲ್ಲಿಗೆ ಸ್ಕೆಚ್ ಪೆನ್ನಲ್ಲಿ ಗುರುತು ಮಾಡಿಕೊಂಡು, ದೊಡ್ಡದನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸ್ತಾ ಎಣಿಸಿದ. ‘ಅಮ್ಮಾ, ಇದು ಒಂದು ಸುತ್ತು ಬರೋದ್ರೊಳಗೆ ಅದು ಎಂಟು ಸುತ್ತು ಬಂತು’ ಅಂತ ಓಡಿ ಬಂದ. ಎರಡು ವಾರ ಬಾಯಿಪಾಠ ಮಾಡಿಸಿದರೂ ತಲೆಗೆ ಹತ್ತದ ಎಂಟರ ಮಗ್ಗಿ ಆ ಮಧ್ಯಾಹ್ನ ಬಂದುಬಿಟ್ಟಿತು.

ಹಾಗಂತ ಎಲ್ಲ ತಾನಾಗೇ ಬರುತ್ತೆ ಅಂತ ನಾನು ಹೇಳಲ್ಲ. ಎಂಟು ವರ್ಷದ ಒಂದು ಮಗುವಿಗೆ ಓದು, ಬರಹ, ಲೆಕ್ಕ ಸೇರಿ ಒಂದೂವರೆಯಿಂದ ಎರಡು ಗಂಟೆ ಕೂತು ಕಲಿತರೆ ನಮ್ಮ ಅನುಭವದಲ್ಲಿ ಸಾಕಾಯಿತು. ತರಗತಿಯಲ್ಲಿ ಹಾಜರಿ, ಸಾಲು, ಕಾಯೋದು ಅಂತ ಹೋಗುವ ಹೊತ್ತು ಇಲ್ಲಿ ಇಲ್ಲ ಅಲ್ವಾ? ಉಳಿದ ಹೊತ್ತು ಗ್ರಂಥಾಲಯ, ಗಟ್ಟಿಯಾಗಿ ಕಥೆ ಓದೋದು, ಮನೆ ಕೆಲಸ, ಹೊರಗಿನ ಆಟ. ನಿಮ್ಮದು ಅರ್ಧ ದಿನದ ಕೆಲಸ ಅಂದಿರಿ, ಪಾಠದ ಹೊತ್ತು ಅದರ ಜೊತೆ ಹೊಂದುತ್ತೆ. ಆದರೆ ನೀವು ಕೆಲಸದಲ್ಲಿರುವಾಗ ಅವಳ ಜೊತೆ ಯಾರು ಇರ್ತಾರೆ ಅನ್ನೋದು ಈಗಲೇ ತೀರ್ಮಾನ ಆಗಲಿ. ಈ ದಾರಿಯಲ್ಲಿ ದುಡ್ಡಿಗಿಂತ ಜಾಸ್ತಿ ಖರ್ಚಾಗೋದು ದೊಡ್ಡವರ ಸಮಯ, ಬಹುತೇಕ ಮನೆಗಳಲ್ಲಿ ಅದು ಅಮ್ಮನ ಸಮಯ. ವಾರಕ್ಕೆ ಒಂದು ಪೂರ್ತಿ ದಿನ ಅವಳ ಅಪ್ಪ ನೋಡಿಕೊಳ್ಳಲಿ, ಇದನ್ನು ಶುರುವಿನಲ್ಲೇ ಮಾತಾಡಿಕೊಳ್ಳಿ.

ದಿನಾ ರಾತ್ರಿ ನಾಲ್ಕು ಸಾಲು ಡೈರಿ ಬರೆಯಿರಿ: ಇವತ್ತು ಏನು ಓದಿದಳು, ಏನು ಕೇಳಿದಳು, ಎಲ್ಲಿ ಸಿಕ್ಕಿಬಿದ್ದಳು. ಮುಂದೆ ಅಧಿಕಾರಿಗಳು ಕೇಳಿದರೂ ತೋರಿಸಬಹುದು. ‘ಏನೂ ಕಲೀತಿಲ್ಲ’ ಅಂತ ನಿಮಗೇ ಭಯ ಆದ ದಿನ ಹಿಂದಿನ ಪುಟ ತಿರುವಿದರೆ ಧೈರ್ಯ ಬರುತ್ತೆ.

ಉತ್ತರ 2 (ಇಬ್ಬರು ಮಕ್ಕಳ ತಂದೆ)

ಮೇಲಿನ ಅಕ್ಕ ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ನಾನು ಕಾನೂನಿನ ಬಗ್ಗೆ ಮಾತ್ರ ಹೇಳ್ತೇನೆ, ಯಾಕಂದ್ರೆ ಇದನ್ನು ನೋಡದೆ ಮಗುವಿನ ಹೆಸರು ತೆಗೆಸಿ ಕಷ್ಟಕ್ಕೆ ಬಿದ್ದವರನ್ನು ಕಂಡಿದ್ದೇನೆ. ನೀವಿರುವ ದೇಶದ ನಿಯಮ ಮೊದಲು ಓದಿ. ಇಂಗ್ಲೆಂಡಿನ 1996ರ ಶಿಕ್ಷಣ ಕಾಯ್ದೆ, ಮಗುವಿಗೆ ಶಿಕ್ಷಣ ಶಾಲೆಯಲ್ಲಿ ಆಗಲಿ ‘ಅಥವಾ ಬೇರೆ ರೀತಿಯಲ್ಲಿ’ ಆಗಲಿ ಸಿಗಬೇಕು ಅನ್ನುತ್ತೆ. ಆ ಒಂದು ಮಾತಿನ ಮೇಲೆ ಅಲ್ಲಿ ಮನೆಕಲಿಕೆ ನಿಂತಿದೆ. ಜರ್ಮನಿಯಲ್ಲಿ ಶಾಲೆಗೆ ಹೋಗಲೇಬೇಕು. ಒಂದು ಕುಟುಂಬ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರೂ 2006ರಲ್ಲಿ ಅವರ ಅರ್ಜಿ ನಿಲ್ಲಲಿಲ್ಲ. ಫ್ರಾನ್ಸಿನಲ್ಲಿ ಮೊದಲು ತಿಳಿಸಿದರೆ ಸಾಕಿತ್ತು, 2022ರಿಂದ ಅನುಮತಿಯೇ ಬೇಕು.

ಅಮೆರಿಕದಲ್ಲಿ ಇದು ದೊಡ್ಡದಾಗಿ ಬೆಳೆಯಿತು. ಮೇಷ್ಟ್ರಾಗಿದ್ದ ಜಾನ್ ಹೋಲ್ಟ್ ಶಾಲೆ ಸುಧಾರಿಸುವ ಆಸೆ ಬಿಟ್ಟು, 1977ರಲ್ಲಿ ಮನೆಯಲ್ಲಿ ಕಲಿಸುವ ಪೋಷಕರಿಗಾಗಿ ಪತ್ರಿಕೆ ಶುರು ಮಾಡಿದರು. ಇನ್ನೊಂದು ಕಡೆ ಧಾರ್ಮಿಕ ಕುಟುಂಬಗಳು ಇದೇ ದಾರಿ ಹಿಡಿದವು. 1993ರ ಹೊತ್ತಿಗೆ 50 ರಾಜ್ಯಗಳಲ್ಲೂ ಕಾನೂನಿನ ಒಪ್ಪಿಗೆ ಸಿಕ್ಕಿತ್ತು. ಕೋವಿಡ್ ಬಂದಾಗ ಅಲ್ಲಿನ ಜನಗಣತಿ ಇಲಾಖೆ ಕೇಳಿದ ಲೆಕ್ಕದಲ್ಲಿ, ಶಾಲೆ ವಯಸ್ಸಿನ ಮಕ್ಕಳಿರುವ ಮನೆಗಳ ಪೈಕಿ ಮನೆಯಲ್ಲೇ ಕಲಿಸುತ್ತೇವೆ ಅಂದವರು 2020ರ ವಸಂತದಲ್ಲಿ ಶೇ 5.4 ಇದ್ದದ್ದು, ಕೆಲವೇ ತಿಂಗಳಲ್ಲಿ ಶೇ 11.1 ಆಯಿತು. ಈ ಎರಡನೇ ಅಂಕಿ ಶಾಲೆಯವರೇ ನಡೆಸುವ ಆನ್‌ಲೈನ್ ಪಾಠ ಬಿಟ್ಟು ಹೇಳಿದ ಲೆಕ್ಕ.

ಇನ್ನೊಂದು. ಮನೆಯಲ್ಲಿ ಕಲಿತ ಮಕ್ಕಳೇ ಮುಂದೆ ಅನ್ನುವ ಅಂಕಿಗಳನ್ನು ಯಾರಾದರೂ ಕಳಿಸಿದರೆ ಅದರ ಮೇಲೆ ನಿರ್ಧಾರ ಮಾಡಬೇಡಿ. ಅಂಥ ಎಷ್ಟೋ ಅಧ್ಯಯನಗಳಲ್ಲಿ ಅಧ್ಯಯನಕ್ಕೆ ತಾವಾಗೇ ಹೆಸರು ಕೊಟ್ಟ ಕುಟುಂಬಗಳನ್ನಷ್ಟೇ ನೋಡಿರುತ್ತಾರೆ. ಕಷ್ಟಪಡುತ್ತಿರುವವರು ಅದರಲ್ಲಿ ಸೇರಿರುವುದೇ ಕಡಿಮೆ.

ಉತ್ತರ 3 (ಹತ್ತರಿಂದ ಹದಿನಾರರವರೆಗೆ ಮನೆಯಲ್ಲೇ ಕಲಿತವಳು)

ಗೆಳೆಯರ ಪ್ರಶ್ನೆಗೆ ನಾನು ಹೇಳಬಹುದು. ಮೊದಲ ವರ್ಷ ನನಗೆ ಬಹಳ ಒಂಟಿತನ ಆಯಿತು, ಅದನ್ನು ಮುಚ್ಚಿಡಲ್ಲ. ಅಮ್ಮ ತಿಂಗಳಿಗೊಮ್ಮೆ ಯಾರ್ಯಾರನ್ನೋ ಭೇಟಿ ಮಾಡಿಸ್ತಿದ್ದರು. ಪ್ರತಿ ಸಲ ಹೊಸ ಮುಖ, ಮೊದಲಿಂದ ಪರಿಚಯ. ಅದರಿಂದ ಸ್ನೇಹ ಆಗಲ್ಲ. ಆಮೇಲೆ ಈಜು ಕಲಿಯೋಕೆ ಸೇರಿದೆ, ವಾರಕ್ಕೆ ಮೂರು ದಿನ, ಅದೇ ಮಕ್ಕಳು. ನಾಲ್ಕು ತಿಂಗಳಲ್ಲಿ ಗೆಳತಿ ಸಿಕ್ಕಳು, ಈಗಲೂ ಜೊತೆಗಿದ್ದಾಳೆ. ಅದೇ ಜಾಗ, ಅದೇ ಹೊತ್ತು, ಅದೇ ಮಕ್ಕಳು ವಾರವಾರ ಸಿಗಬೇಕು ಆಂಟಿ. ಹಳೇ ಶಾಲೆಯಲ್ಲಿ ಅವಳಿಗೆ ಇಷ್ಟದ ಒಬ್ಬಳಾದರೂ ಇದ್ದರೆ ಅವಳ ಸಂಪರ್ಕ ಬಿಡಿಸಬೇಡಿ. ಮತ್ತೆ, ನಿರ್ಧಾರದಲ್ಲಿ ಅವಳನ್ನೂ ಕೂರಿಸಿಕೊಳ್ಳಿ. ನನ್ನನ್ನು ಯಾರೂ ಕೇಳಿರಲಿಲ್ಲ.

ಉತ್ತರ 4 (ಎರಡು ವರ್ಷ ಮಾಡಿ ನಿಲ್ಲಿಸಿದ ತಾಯಿ)

ನಮ್ಮದು ಬೇರೆ ಕಥೆ. ಮಗನಿಗೂ ಹೀಗೇ ಹೊಟ್ಟೆನೋವು. ಶಾಲೆ ಬಿಡಿಸಿದ ತಕ್ಷಣ ನಿಂತಿತು, ನಾವು ಗೆದ್ದೆವು ಅಂದುಕೊಂಡೆವು. ಆದರೆ ಮನೆಯಲ್ಲಿ ಓದೋಕೆ ಕೂರಿಸಿದರೆ ಮತ್ತೆ ಅದೇ ನೋವು. ಒಂದು ವರ್ಷ ಹಾಳು ಮಾಡಿದ ಮೇಲೆ ಪರೀಕ್ಷೆ ಮಾಡಿಸಿದೆವು, ಡಿಸ್ಲೆಕ್ಸಿಯಾ, ಅಂದರೆ ಓದೋಕೆ ಬರೆಯೋಕೆ ತೊಡಕಾಗುವ ಕಲಿಕೆಯ ತೊಂದರೆ, ಅಂತ ಗೊತ್ತಾಯಿತು. ಅವನಿಗೆ ಬೇಕಿದ್ದದ್ದು ಅಕ್ಷರ ಮತ್ತು ಉಚ್ಚಾರವನ್ನು ಹಂತಹಂತವಾಗಿ ಹೇಳಿಕೊಡುವ ತರಬೇತಿ ಪಡೆದ ಶಿಕ್ಷಕರು. ಅವರು ಸಿಕ್ಕಿದ್ದು ಇನ್ನೊಂದು ಶಾಲೆಯಲ್ಲಿ, ಅಲ್ಲಿಗೇ ಹಾಕಿದೆವು, ಈಗ ಚೆನ್ನಾಗಿದ್ದಾನೆ. ಆದ್ದರಿಂದ ದಯವಿಟ್ಟು ಮೊದಲು ಹೊಟ್ಟೆನೋವಿನ ಕಾರಣ ಹುಡುಕಿ. ಯಾರಾದರೂ ಕಾಡಿಸ್ತಿದ್ದಾರಾ, ಓದೋಕೆ ಕಷ್ಟ ಆಗ್ತಿದೆಯಾ, ಬೋರ್ಡ್ ಕಾಣ್ತಿಲ್ಲವಾ, ಗಲಾಟೆ ತಡೆಯೋಕೆ ಆಗಲ್ಲವಾ. ಒಂದೊಂದಕ್ಕೂ ಬೇರೆ ಬೇರೆ ಮದ್ದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಓದಿ ಕಣ್ಣು ತುಂಬಿತು. ಬೋರ್ಡ್ ಕಾಣುತ್ತಾ ಅಂತ ನಾವು ಒಂದು ದಿನವೂ ಕೇಳಿರಲಿಲ್ಲ, ಈ ವಾರವೇ ಕಣ್ಣು ತೋರಿಸ್ತೇವೆ, ಓದಿನ ಪರೀಕ್ಷೆಯನ್ನೂ ಮಾಡಿಸ್ತೇವೆ. ಮುಂದಿನ ಪರೀಕ್ಷೆಗಳ ಬಗ್ಗೆ ಮಾತ್ರ ಇನ್ನೂ ಭಯ ಇದೆ.

ಉತ್ತರ 1ರ ತಾಯಿ ಮತ್ತೆ

ಎಂಟನೇ ವಯಸ್ಸಿಗೆ ಅದರ ಚಿಂತೆ ಬೇಡ, ಹನ್ನೆರಡಕ್ಕೆ ಖಂಡಿತ ಬೇಕು. ಶಾಲೆಗೆ ಸೇರದವರನ್ನು ಖಾಸಗಿ ಅಭ್ಯರ್ಥಿಯಾಗಿ ಕೂರಿಸುವ ಮಂಡಳಿ ಯಾವುದು, ಕನಿಷ್ಠ ವಯಸ್ಸು ಎಷ್ಟು, ಪರೀಕ್ಷಾ ಕೇಂದ್ರ ಎಲ್ಲಿದೆ, ವಿಜ್ಞಾನದ ಪ್ರಯೋಗ ಪರೀಕ್ಷೆ ಎಲ್ಲಿ ಮಾಡಿಸ್ತಾರೆ, ಇಷ್ಟು ವಿಚಾರಿಸಿಟ್ಟುಕೊಳ್ಳಿ. ನಮಗೆ ಎಲ್ಲಕ್ಕಿಂತ ಕಷ್ಟ ಆದದ್ದು ಪ್ರಯೋಗ ಪರೀಕ್ಷೆಯ ಜಾಗ ಹುಡುಕೋದು, ಎಂಟು ತಿಂಗಳು ಮುಂಚೆ ಓಡಾಡಬೇಕಾಯಿತು. ಮಗನಿಗೆ ಮೂರು ಗಂಟೆ ಒಂದೇ ಕಡೆ ಕೂತು ಬರೆದು ಅಭ್ಯಾಸವೇ ಇರಲಿಲ್ಲ, ಕೊನೆಯ ವರ್ಷ ಶನಿವಾರ ಶನಿವಾರ ಗಡಿಯಾರ ಇಟ್ಟು ಬರೆಸಿದೆ. ಆ ಹೊತ್ತಿಗೆ ವೇಳಾಪಟ್ಟಿ ಅವನೇ ಬರೆದು ಗೋಡೆಗೆ ಅಂಟಿಸಿಕೊಂಡಿದ್ದ. ಕಣ್ಣಿನ ಡಾಕ್ಟರ್ ಏನಂದರು ಅಂತ ಇಲ್ಲೇ ತಿಳಿಸಿ.