ಪೆರಿನ್‌ಗೆ ಮದುವೆ ಮಾಡಿಸಿದ್ದು ಯಾರು?

ನಮ್ಮ ತುಮಕೂರು ಕಾಲೇಜಿನ ಹಳೇ ಬ್ಯಾಚಿನ ಗುಂಪಿನಲ್ಲಿ ಸಾಮಾನ್ಯವಾಗಿ ಗುಡ್ ಮಾರ್ನಿಂಗ್ ಹೂವು, ಕೊಬ್ಬರಿ ರೇಟು, ಯಾರದ್ದೋ ಗೃಹಪ್ರವೇಶದ ಕಾರ್ಡು, ಇಷ್ಟೇ. ಭಾನುವಾರ ಮಧ್ಯಾಹ್ನ ಗುಬ್ಬಿ ಮಂಜ ‘ವೀಲ್ ಆಫ್ ಟೈಮ್’ ಅನ್ನೋ ಇಂಗ್ಲಿಷ್ ಸೀರಿಯಲ್‌ನ ಒಂದು ವಿಡಿಯೋ ತುಣುಕು ಹಾಕಿದ. ಅದೇ ಹೆಸರಿನ ಪುಸ್ತಕ ಸರಣಿಯಿಂದ ಅಮೆಜಾನ್ ಪ್ರೈಮ್‌ನವರು ಮಾಡಿದ್ದು. ಆಮೇಲೆ ನಡೆದದ್ದನ್ನು ಇಲ್ಲಿ ಇಟ್ಟಿದ್ದೇನೆ. ಸ್ಟಿಕ್ಕರ್‌ಗಳನ್ನೂ, ಎರಡು ಬೈಗುಳವನ್ನೂ ತೆಗೆದಿದ್ದೇನೆ.

ಗುಬ್ಬಿ ಮಂಜ: ವೀಲ್ ಆಫ್ ಟೈಮ್, ಮೂರನೇ ಸೀಸನ್, ನಾಲ್ಕನೇ ಎಪಿಸೋಡ್. ಪೂರ್ತಿ ನೋಡಿ. ಇಂಥದ್ದನ್ನ ಪ್ರೈಮ್‌ನವರು ನಿಲ್ಲಿಸಿಬಿಟ್ಟರಲ್ಲ. ಪುಸ್ತಕ ಓದಿದವರ ಕಿರಿಕಿರಿಗೇ ಇದು ಸತ್ತದ್ದು.

ಪಾವಗಡ ಸೀನ: ಏನಂದೆ?

ಪಾವಗಡ ಸೀನ: ಹದಿನಾಲ್ಕೂ ಪುಸ್ತಕ ಓದಿದ್ದೀನಿ ಕಣೋ. ಮೊದಲನೆಯದು ಬಂದಿದ್ದು 1990ರಲ್ಲಿ, ಕೊನೆಯದು 2013ರಲ್ಲಿ. ಮಧ್ಯೆ 2007ರಲ್ಲಿ ಬರೆದವನೇ ತೀರಿಕೊಂಡ. ಅವನು ಬಿಟ್ಟುಹೋದ ಟಿಪ್ಪಣಿ ಇಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಮೂರನ್ನು ಮುಗಿಸಿದ. ಅಷ್ಟು ವರ್ಷ ಕಾದವರು ಕಿರಿಕಿರಿ ಮಾಡದೆ ಆರತಿ ಎತ್ತಬೇಕಿತ್ತಾ?

ಸಿರಾ ರವಿ: ದೇವರಾಯನದುರ್ಗಕ್ಕೆ ಎಷ್ಟು ಜನ ಬರ್ತೀರಿ ಅಂತ ಕೇಳಿದ್ದೆ. ಊಟಕ್ಕೆ ಹೇಳಬೇಕು.

(ಇವನು ಅಡ್ಮಿನ್. ಯಾರೂ ಉತ್ತರ ಕೊಡಲಿಲ್ಲ. ಎಂದೂ ಕೊಡುವುದಿಲ್ಲ.)

ಗುಬ್ಬಿ ಮಂಜ: ಸೀನಾ, ಸೀಸನ್‌ಗೆ ಎಂಟೇ ಎಪಿಸೋಡು. ಮೊದಲ ಪುಸ್ತಕವೇ ಎಂಟುನೂರು ಪುಟದ ಹತ್ತಿರ. ಬಿಡದೆ ಹೇಗೆ ಮಾಡೋದು?

ಪಾವಗಡ ಸೀನ: ಬಿಟ್ಟಿದ್ದಕ್ಕೆ ನನ್ನ ತಕರಾರೇ ಇಲ್ಲ. ಸೇರಿಸಿದ್ದಕ್ಕೆ ತಕರಾರು. ಜಾಗ ಇಲ್ಲ ಅಂತೀಯ. ಇಲ್ಲದ ಹೆಂಡತಿಯನ್ನ ತಂದು ಕೂರಿಸೋಕೆ ಜಾಗ ಎಲ್ಲಿಂದ ಬಂತು?

ತಿಪಟೂರು ಶೋಭಾ: ಯಾರ ಹೆಂಡತಿ? ನಾನು ಮೊದಲ ಸೀಸನ್ ಅರ್ಧಕ್ಕೆ ಬಿಟ್ಟವಳು. ಮಗಳು ಪೂರ್ತಿ ನೋಡಿದ್ದಾಳೆ.

ಸಿರಾ ರವಿ: ಮೊದಲು ಏನು ಕಥೆ ಅಂತಾದರೂ ಹೇಳಿ.

ನಾನು: ಕಾಲಚಕ್ರ ತಿರುಗುತ್ತಲೇ ಇರುತ್ತದೆ, ಯುಗ ಹೋಗಿ ಯುಗ ಬರುತ್ತದೆ. ನಮಗೆ ಗೊತ್ತಿರೋ ಲೆಕ್ಕವೇ. ಮೊರೇನ್ ಅನ್ನೋ ಮಂತ್ರಶಕ್ತಿಯ ಹೆಂಗಸು ಒಂದು ಹಳ್ಳಿಗೆ ಬರುತ್ತಾಳೆ. ಹಳೇ ಯುಗದ ಒಬ್ಬ ವೀರ ಅಲ್ಲಿ ಮತ್ತೆ ಹುಟ್ಟಿದ್ದಾನೆ ಅಂತ ಅವಳಿಗೆ ಅನುಮಾನ. ಅವನು ಲೋಕ ಉಳಿಸಬೇಕು. ತೊಂದರೆ ಏನು ಅಂದರೆ ಆ ಶಕ್ತಿಯಲ್ಲಿ ಗಂಡಸರ ಪಾಲು ಕೆಟ್ಟುಹೋಗಿದೆ. ಅದನ್ನು ಬಳಸಿದ ಗಂಡಸಿಗೆ ಹುಚ್ಚು ಹಿಡಿಯುತ್ತದೆ.

ಸಿರಾ ರವಿ: ಸರಿ, ಹೆಂಡತಿ ಕಥೆ ಮುಂದುವರಿಸಿ.

ಪಾವಗಡ ಸೀನ: ಪೆರಿನ್ ಅಂತ ಒಬ್ಬ ಹುಡುಗ. ಪುಸ್ತಕದಲ್ಲಿ ಕಮ್ಮಾರನ ಹತ್ತಿರ ಕೆಲಸ ಕಲಿಯುತ್ತಿರುತ್ತಾನೆ. ಮದುವೆ ಗಿದುವೆ ಏನೂ ಇಲ್ಲ. ಸೀರಿಯಲ್‌ನಲ್ಲಿ ಮೊದಲ ಎಪಿಸೋಡಿಗೇ ಲೈಲಾ ಅಂತ ಹೆಂಡತಿ. ರಾಕ್ಷಸರು ಊರಿಗೆ ನುಗ್ಗಿದ ರಾತ್ರಿ ಕುಲುಮೆಯೊಳಗೆ ಹೊಡೆದಾಟ. ಹಿಂದೆ ಯಾರೋ ಬಂದರು ಅಂತ ಇವನು ತಿರುಗಿ ಕೊಡಲಿ ಬೀಸುತ್ತಾನೆ. ಬಿದ್ದವಳು ಹೆಂಡತಿ. ಅಲ್ಲಿಗೆ ಸಂಸಾರ ಮುಗೀತು. ಸೀರಿಯಲ್‌ಗೆ ಸಲಹೆ ಕೊಡುತ್ತಿದ್ದ ಸ್ಯಾಂಡರ್ಸನ್‌ಗೇ ಇದು ಒಪ್ಪಿಗೆ ಇರಲಿಲ್ಲ. ಅವನೇ ಬರೆದುಕೊಂಡಿದ್ದಾನೆ.

ಗುಬ್ಬಿ ಮಂಜ: ಅದಕ್ಕೆ ಕಾರಣ ಇದೆ. ಪುಸ್ತಕದಲ್ಲಿ ಪೆರಿನ್ ಪುಟಗಟ್ಟಲೆ ಯೋಚನೆ ಮಾಡುತ್ತಾನೆ. ಟಿವಿಯಲ್ಲಿ ಹಾಗೆ ಸುಮ್ನೆ ಯೋಚನೆ ಮಾಡುತ್ತಾ ಕೂತರೆ ಯಾರು ನೋಡುತ್ತಾರೆ? ಅವನಿಗೆ ಆಯುಧ ಕಂಡರೆ ಯಾಕೆ ಭಯ ಅಂತ ಒಂದೇ ಏಟಿಗೆ ತೋರಿಸಿದರು.

ತಿಪಟೂರು ಶೋಭಾ: ಸೀನಾ, ಹೆಂಡತಿ ವಿಷಯಕ್ಕೆ ಬಂದೆಯಲ್ಲ, ಅದಕ್ಕೇ ಕೇಳ್ತೀನಿ. ವ್ಯಾಸರಲ್ಲಿ ದ್ರೌಪದಿ ಐದು ಜನರ ಹೆಂಡತಿ. ಪಂಪನಲ್ಲಿ ಅರ್ಜುನ ಒಬ್ಬನಿಗೇ. ಹತ್ತನೇ ಶತಮಾನದಲ್ಲಿ ವಾಟ್ಸಾಪ್ ಇದ್ದಿದ್ದರೆ ನೀನು ಪಂಪನನ್ನೂ ಗುಂಪಿನಿಂದ ತೆಗೆಸುತ್ತಿದ್ದೆ.

(ಶೋಭಾ ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾಳೆ. ಅವಳ ಜೊತೆ ವಾದಕ್ಕೆ ಇಳಿಯುವಾಗ ಇದು ನೆನಪಿರಬೇಕು.)

ಪಾವಗಡ ಸೀನ: ಪಂಪನ ಪಕ್ಕ ಪ್ರೈಮ್‌ನವರನ್ನ ಕೂರಿಸಬೇಡ ತಾಯಿ.

ನಾನು: ಕೂರಿಸಲಿ ಬಿಡೋ, ನಿನಗೇ ಅನುಕೂಲ. ಪಂಪ ಕಥೆ ಬದಲಾಯಿಸಿದ, ನಿಜ. ಆದರೆ ಅರ್ಧಕ್ಕೆ ಬಿಡಲಿಲ್ಲ. ತನ್ನ ದೊರೆ ಅರಿಕೇಸರಿಯೇ ಅರ್ಜುನ ಅಂತ ಇಟ್ಟುಕೊಂಡು ಬರೆದ. ಅದಕ್ಕೇ ದ್ರೌಪದಿ ಅವನೊಬ್ಬನಿಗೆ. ಕೊನೆಗೆ ಪಟ್ಟವೂ ಧರ್ಮರಾಯನಿಗಲ್ಲ, ಅರ್ಜುನನಿಗೇ. ಹಿಡಿದ ಎಳೆಯನ್ನು ಸಿಂಹಾಸನದವರೆಗೂ ಎಳೆದುಕೊಂಡು ಹೋದ. ಇವರು ಲೈಲಾನ ಸಾಯಿಸಿದರು. ಆಮೇಲೆ? ಪೆರಿನ್ ಮುಖ ಸಪ್ಪಗೆ ಮಾಡಿಕೊಂಡು ಸೀಸನ್‌ಗಟ್ಟಲೆ ಓಡಾಡಿದ. ಪುಸ್ತಕದಲ್ಲಿ ಅವನ ಕಥೆಯೇ ಕೊಡಲಿಯೋ ಸುತ್ತಿಗೆಯೋ ಅನ್ನೋದು. ಕೊಡಲಿ ಕೈಗೆ ಸಲೀಸಾಗಿ ಹೊಂದಿಕೊಳ್ಳುತ್ತಿದೆಯಲ್ಲ ಅನ್ನೋದೇ ಅವನ ಭಯ. ಆ ಅನುಮಾನ ನಿಧಾನವಾಗಿ ಬೆಳೆಯಬೇಕು. ಹೆಂಡತಿಯನ್ನೇ ಕೊಂದವನಿಗೆ ಅನುಮಾನಕ್ಕೆ ಏನು ಉಳಿಯಿತು? ಉತ್ತರ ಮೊದಲ ಎಪಿಸೋಡಿನಲ್ಲೇ ಸಿಕ್ಕಿಬಿಟ್ಟಿದೆ.

ಪಾವಗಡ ಸೀನ: ಅದೇ! ಹತ್ತನೇ ಪುಸ್ತಕದಲ್ಲಿ ಕೊಡಲಿ ಎಸೆದೇ ಬಿಡುತ್ತಾನೆ. ನೀನಿನ್ನೂ ಅಲ್ಲಿಗೆ ಬಂದಿಲ್ಲ ಅಲ್ವಾ?

ನಾನು: ಥೂ. ಹೇಳಿಬಿಟ್ಟೆಯಲ್ಲೋ.

ತಿಪಟೂರು ಶೋಭಾ: ಪಂಪನನ್ನ ಅಷ್ಟು ಸಲೀಸಾಗಿ ಪಾಸ್ ಮಾಡಬೇಡಿ. ಗಂಡ ಅರ್ಜುನ, ಸರಿ. ದುಶ್ಶಾಸನನನ್ನ ಕೊಂದು ದ್ರೌಪದಿಯ ಮುಡಿ ಕಟ್ಟೋನು ಯಾರು? ಭೀಮ. ಅಲ್ಲಿ ವ್ಯಾಸರ ಕಥೆ ಪಂಪನ ಕೈ ಬಿಡಲಿಲ್ಲ. ಇನ್ನು ಪಟ್ಟಾಭಿಷೇಕದಲ್ಲಿ ಅರ್ಜುನನ ಪಕ್ಕ ಕೂರೋಳು ಸುಭದ್ರೆ. ಅಷ್ಟು ವರ್ಷ ಮುಡಿ ಬಿಚ್ಚಿಕೊಂಡು ಕಾದವಳು ಎಲ್ಲಿ ಹೋದಳು ಅಂತ ನನ್ನ ಕ್ಲಾಸಿನ ಹುಡುಗಿಯರು ಕೇಳುತ್ತಾರೆ. ಹೊಲಿಗೆ ಕಾಣುತ್ತದೆ ಕಣ್ರೋ. ಪದ್ಯ ಅಷ್ಟು ಚೆನ್ನಾಗಿರೋದಕ್ಕೆ ನಾವು ಸುಮ್ಮನಿದ್ದೀವಿ.

ಗುಬ್ಬಿ ಮಂಜ: ಹಾಗೇ ಈ ಎಪಿಸೋಡಿಗೋಸ್ಕರ ಲೈಲಾನ ಮಾಫಿ ಮಾಡಿ. ಯಾರಾದರೂ ವಿಡಿಯೋ ನೋಡಿದಿರಾ ಮೊದಲು?

(ನೋಡಿರಲಿಲ್ಲ. ಹತ್ತು ನಿಮಿಷ ಗುಂಪು ತಣ್ಣಗಾಯಿತು.)

ತಿಪಟೂರು ಶೋಭಾ: ಅಯ್ಯೋ, ಇದು ಚೆನ್ನಾಗಿದೆ. ಇವನು ಯಾಕೆ ಕಂಬಗಳ ನಡುವೆ ನಡೀತಿದ್ದಾನೆ?

ಗುಬ್ಬಿ ಮಂಜ: ಇವನೇ ರ‍್ಯಾಂಡ್, ಆ ಮತ್ತೆ ಹುಟ್ಟಿದವನು. ಗಾಜಿನ ಕಂಬಗಳವು. ಮುಂದೆ ಹೋದ ಹಾಗೆ ಅವನ ವಂಶ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಅಪ್ಪ, ಅಜ್ಜ, ಮುತ್ತಜ್ಜ, ಅದಕ್ಕೂ ಹಿಂದೆ. ಅವರ ಜನ ಐಯಲ್, ಈಟಿ ಹಿಡಿದರೆ ಎದುರು ನಿಲ್ಲೋರಿಲ್ಲ. ಹಿಂದಕ್ಕೆ ಹೋಗ್ತಾ ಹೋಗ್ತಾ ಗೊತ್ತಾಗುತ್ತದೆ, ಇವರು ಒಂದು ಕಾಲಕ್ಕೆ ಆಯುಧವನ್ನೇ ಮುಟ್ಟದೆ ಬದುಕಿದವರು. ಆ ಮಾತು ಮುರಿದೇ ಇವರು ಯೋಧರಾಗಿದ್ದು. ಅದನ್ನ ತಡೆದುಕೊಳ್ಳೋಕೆ ಆಗದೆ ಅಲ್ಲೇ ಎಷ್ಟೋ ಜನ ಸಾಯುತ್ತಾರೆ.

ಪಾವಗಡ ಸೀನ: ಇದು ನಾಲ್ಕನೇ ಪುಸ್ತಕ. ಇಡೀ ಸರಣಿಯಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗ. ಇಲ್ಲಿ ಅವರು ಪುಸ್ತಕಕ್ಕೆ ಅಂಟಿಕೊಂಡರು, ಅದಕ್ಕೇ ಗೆದ್ದರು. ನನ್ನ ವಾದವೇ ಸರಿ ಆಯ್ತಲ್ಲ.

ಗುಬ್ಬಿ ಮಂಜ: ಆಗಲಿಲ್ಲ. ಇನ್ನೊಂದು ಸಲ ಮುಖ ನೋಡು. ಅಷ್ಟೂ ಪೂರ್ವಜರ ಪಾತ್ರ ಒಬ್ಬನೇ ನಟನದ್ದು, ಜೋಶಾ ಸ್ಟ್ರಡೋವ್ಸ್ಕಿ. ಗಡ್ಡ ಬೇರೆ, ವಯಸ್ಸು ಬೇರೆ, ಕಣ್ಣು ಮಾತ್ರ ಅದೇ. ಪುಸ್ತಕ ಓದೋವಾಗ ನಿನಗೆ ಆ ಮುಖ ಕಾಣಿಸಿತ್ತಾ?

ಸೀನ ಟೈಪ್ ಮಾಡುತ್ತಿದ್ದಾನೆ ಅಂತ ತೋರಿಸಿತು, ನಿಂತಿತು, ಮತ್ತೆ ತೋರಿಸಿತು.

ಪಾವಗಡ ಸೀನ: ಆ ನಟ ಚೆನ್ನಾಗಿ ಮಾಡಿದ್ದಾನೆ. ಅವನ ಬಗ್ಗೆ ನಾನೇನೂ ಅಂದಿಲ್ಲ.

ನಾನು: ನನ್ನ ಲೆಕ್ಕ ಅದೇ. ಬದಲಾವಣೆ ಎರಡು ಥರ. ಒಂದು, ಪುಸ್ತಕ ಹೇಳಿದ್ದನ್ನೇ ಟಿವಿ ತನ್ನ ದಾರಿಯಲ್ಲಿ ಹೇಳೋದು. ಒಂದೇ ಮುಖ ಇಟ್ಟಿದ್ದು ಅಂಥದ್ದು. ಇನ್ನೊಂದು, ಮೊದಲ ಎಪಿಸೋಡಿಗೆ ಜನ ಬೆಚ್ಚಿ ಬೀಳಲಿ ಅಂತ ಮುಂದಿನ ಕಥೆಯಿಂದ ಸಾಲ ತರೋದು. ಆ ಸಾಲ ತೀರಿಸಲೇ ಇಲ್ಲ.

ತಿಪಟೂರು ಶೋಭಾ: ಮೊದಲ ಸೀಸನ್‌ನವರಿಗೆ ಗ್ರಹಚಾರವೂ ಕೂಡಿ ಬಂತು ಅಂತ ಮಗಳು ಹೇಳ್ತಿದ್ದಾಳೆ. ಕೊರೊನಾ ಮಧ್ಯೆ ಶೂಟಿಂಗ್ ನಿಂತಿತಂತೆ. ಮ್ಯಾಟ್ ಅನ್ನೋ ಪಾತ್ರದ ಹುಡುಗ ಕೊನೆ ಎರಡು ಎಪಿಸೋಡಿಗೆ ಮೊದಲೇ ಬಿಟ್ಟುಹೋದನಂತೆ.

ಪಾವಗಡ ಸೀನ: ಹೌದು, ಎರಡನೇ ಸೀಸನ್‌ಗೆ ಬೇರೆಯವನನ್ನ ಹಾಕಿದರು. ಹೊಸಬ ವಾಸಿ. ಆದರೆ ಮೊದಲ ಸೀಸನ್ ಕೊನೆಯಲ್ಲಿ ನೈನೀವ್ ಅನ್ನೋಳು ಮಂತ್ರಶಕ್ತಿಗೆ ಸುಟ್ಟುಕೊಂಡು ಸತ್ತವಳ ಹಾಗೆ ಬಿದ್ದಳು, ಅವಳ ಊರಿನ ಎಗ್ವೇನ್ ಹಿಡಿದುಕೊಂಡು ಅತ್ತಳು, ನೈನೀವ್ ಕಣ್ಣು ಬಿಟ್ಟಳು. ಅದನ್ನೂ ಕೊರೊನಾ ಬರೆಯಿತಾ?

ಸಿರಾ ರವಿ: ಮೂರು ಸೀಸನ್ ಶುರುವಾಗಿದ್ದು 2021ರ ನವೆಂಬರ್, 2023ರ ಸೆಪ್ಟೆಂಬರ್, 2025ರ ಮಾರ್ಚ್. ಈಗಷ್ಟೇ ನೋಡಿದೆ. ಒಟ್ಟು 24 ಎಪಿಸೋಡಿಗೆ ಮೂರು ವರ್ಷದ ಮೇಲೆ. ನಮ್ಮಮ್ಮ ನೋಡೋ ಧಾರಾವಾಹಿ ತಿಂಗಳಿಗೆ ಅಷ್ಟು ಮುಗಿಸುತ್ತೆ. ನಿಲ್ಲಿಸದೆ ಇನ್ನೇನು ಮಾಡ್ತಾರೆ?

(ಇಡೀ ಚರ್ಚೆಯಲ್ಲಿ ಇದಕ್ಕೇ ಜಾಸ್ತಿ ಹೆಬ್ಬೆರಳು ಬಿತ್ತು. ನನ್ನ ಅಷ್ಟುದ್ದದ ಮೆಸೇಜಿಗೆ ಒಂದು.)

ಗುಬ್ಬಿ ಮಂಜ: ಮೂರನೆಯದು ಏಪ್ರಿಲ್‌ನಲ್ಲಿ ಮುಗೀತು, ಮೇ ತಿಂಗಳಲ್ಲಿ ನಿಲ್ಲಿಸಿದ್ದೀವಿ ಅಂದರು. ಕೈ ಕುದುರಿದ ಹೊತ್ತಿಗೆ ಅಂಗಡಿ ಮುಚ್ಚಿಸಿದರು. ಅದು ನನಗೆ ಹೊಟ್ಟೆ ಉರಿ.

ಪಾವಗಡ ಸೀನ: ನನಗೂ. ಆದರೆ ಮೊದಲ ಸೀಸನ್ ನೋಡಿ ಎದ್ದುಹೋದವರನ್ನ ಮತ್ತೆ ಕರೆದು ಕೂರಿಸೋದು ಕಷ್ಟ. ಶೋಭಾನೇ ಅರ್ಧಕ್ಕೆ ಬಿಟ್ಟಿದ್ದಾಳೆ ನೋಡು. ಅವಳಂತೂ ಪುಸ್ತಕ ಓದಿದವಳಲ್ಲ, ಕಿರಿಕಿರಿ ಅಭಿಮಾನಿಯೂ ಅಲ್ಲ.

ತಿಪಟೂರು ಶೋಭಾ: ಮೂರನೆಯದರಿಂದ ಶುರು ಮಾಡಿದರೆ ಅರ್ಥ ಆಗುತ್ತಾ?

ಗುಬ್ಬಿ ಮಂಜ: ಆಗುತ್ತೆ.

ಪಾವಗಡ ಸೀನ: ಆಗಲ್ಲ.

ಗುಬ್ಬಿ ಮಂಜ: ಶೋಭಾ, ಈ ಒಂದು ಎಪಿಸೋಡ್ ನೋಡು ಸಾಕು. ಅರ್ಥ ಆಗದಿದ್ದರೆ ಮಗಳನ್ನ ಕೇಳು.

ಪಾವಗಡ ಸೀನ: ಲೈಲಾ ಯಾಕೆ ಬೇಕಿತ್ತು ಅಂತ ಅವಳನ್ನೇ ಕೇಳಿ ಹೇಳು ಶೋಭಾ. ಮಂಜನ ಉತ್ತರ ನನಗೆ ಸಾಲದು.