ಸೀಗಲ್: ‘ಸೀ’ ಸರಿ, ‘ಗಲ್’ ಅಂದರೇನು?

ಪದಕುತೂಹಲಿ:
‘ಸೀಗಲ್’ ಎಂಬ ಹಕ್ಕಿಯ ಹೆಸರಿನಲ್ಲಿ ‘ಸೀ’ ಅಂದರೆ ಕಡಲು, ಗೊತ್ತು. ‘ಗಲ್’ ಎಲ್ಲಿಂದ ಬಂತು? ಇಂಗ್ಲಿಷಿನಲ್ಲಿ ಅದಕ್ಕೆ ಬೇಸ್ತು ಬೀಳುವವನು ಎಂಬ ಅರ್ಥವೂ ಇದೆಯಲ್ಲ, ಹಕ್ಕಿಗೂ ಅದಕ್ಕೂ ನಂಟಿದೆಯೇ? ಹಕ್ಕಿಪಟ್ಟಿಯಲ್ಲಿ ‘ಸೀಗಲ್’ ಎಂದು ಬರೆದರೆ ಬಲ್ಲವರು ಮೂಗು ಮುರಿಯುವುದೇಕೆ?

ಬೇರುಪದ:
ಗಲ್ ಕೆಲ್ಟಿಕ್ ನುಡಿಗಳಿಂದ ಬಂದ ಪದ. ವೇಲ್ಸ್ ನುಡಿಯಲ್ಲಿ ‘ಗ್ವಿಲಾನ್’. ಫ್ರೆಂಚರ ‘ಗೊಯೆಲಾಂ’ ಅಲ್ಲಿನ ಕೆಲ್ಟಿಕ್ ನುಡಿಯಾದ ಬ್ರೆಟನ್‌ನಿಂದ ತಂದ ಎರವಲು. ಇಂಗ್ಲಿಷಿನ ಹಳೆಯ ಸ್ವಂತ ಪದ ‘ಮ್ಯೂ’. ಕಾ ಕಾ ಎನ್ನುವುದು ಕಾಗೆಯಾದಂತೆ ಅದೂ ಕೂಗಿನಿಂದ ಹುಟ್ಟಿರಬೇಕು. ಜರ್ಮನ್ನಿನ ‘ಮೋವೆ’ ಅದರ ದಾಯಾದಿ. ಬೇಸ್ತು ಬೀಳುವ ‘ಗಲ್’ನ ಬೇರು ಬೇರೆ ಇರಬಹುದು. ರೆಕ್ಕೆ ಬಲಿಯದ ಮರಿಯನ್ನು ಹಿಂದೆ ಗಲ್ ಎನ್ನುತ್ತಿದ್ದರು, ಅದೇ ಪೆದ್ದನಿಗೂ ಅಂಟಿಕೊಂಡಿತೆಂಬುದು ಒಂದು ಊಹೆ. ಈ ಹಕ್ಕಿಯಂತೂ ಪೆದ್ದಲ್ಲ. ಕೈಲಿರುವ ತಿಂಡಿಯನ್ನೇ ಹಾರಿಸಿಕೊಂಡು ಹೋಗುತ್ತದೆ.

ದುರ್ಬೀನು:
ಮೂಗು ಮುರಿಯುವುದಕ್ಕೆ ಕಾರಣ, ‘ಸೀಗಲ್’ ಎಂಬ ಒಂದು ಪ್ರಭೇದವೇ ಇಲ್ಲ. ಗಲ್‌ಗಳಲ್ಲಿ ಸುಮಾರು ಐವತ್ತು ಬಗೆ. ಎಲ್ಲವೂ ಕಡಲಿನವೂ ಅಲ್ಲ: ಫ್ರಾಂಕ್ಲಿನ್ ಗಲ್ ಉತ್ತರ ಅಮೆರಿಕದ ಒಳನಾಡಿನ ಜೌಗಿನಲ್ಲಿ ಗೂಡು ಕಟ್ಟಿದರೆ, ಗ್ರೇ ಗಲ್ ಚಿಲಿ ದೇಶದ ಅಟಕಾಮಾ ಮರುಭೂಮಿಯ ನಡುವೆ ಮೊಟ್ಟೆಯಿಡುತ್ತದೆ. ಚಳಿಗಾಲವನ್ನು ನಡುಗಡಲಲ್ಲೇ ಕಳೆಯುವ ಕಿಟ್ಟಿವೇಕ್ ಎಂಬ ಗಲ್‌ನ ಹೆಸರಿನಲ್ಲಿ ನೋಡಿದರೆ ‘ಸೀ’ಯೂ ಇಲ್ಲ, ‘ಗಲ್’ಲೂ ಇಲ್ಲ!

ಪದಕುತೂಹಲಿ:
ಹಾಗಾದರೆ ‘ಬ್ಲ್ಯಾಕ್-ಹೆಡೆಡ್ ಗಲ್’ ಥರದ ಪೂರ್ತಿ ಹೆಸರನ್ನು ನಂಬಬಹುದೇ?

ದುರ್ಬೀನು:
ಅದನ್ನಂತೂ ನಂಬಲೇಬೇಡಿ. ಮರಿ ಮಾಡುವ ಕಾಲದಲ್ಲೂ ಅದರ ತಲೆ ಕಪ್ಪಲ್ಲ, ಚಾಕೊಲೇಟ್ ಕಂದು. ಚಳಿಗಾಲದಲ್ಲಿ ತಲೆ ಬೆಳ್ಳಗಾಗಿ, ಕಣ್ಣಿನ ಹಿಂದೆ ಮಸಿಬೆರಳು ಒತ್ತಿದಂಥ ಚುಕ್ಕೆಯಷ್ಟೇ ಉಳಿಯುತ್ತದೆ. ಹಾರುವಾಗ ರೆಕ್ಕೆಯ ಹೊರಭಾಗದ ಮುಂದಿನ ಅಂಚಿನಲ್ಲಿ ಉದ್ದಕ್ಕೆ ಬಿಳಿ ಪಟ್ಟೆ ಕಾಣುತ್ತದೆ, ಗುರುತಿಗೆ ಅದೇ ಗಟ್ಟಿ. ಬ್ರೌನ್-ಹೆಡೆಡ್ ಗಲ್ ಆದರೆ ಗಾತ್ರ ತುಸು ದೊಡ್ಡದು. ಬಲಿತದ್ದರ ಕಣ್ಣು ತೆಳುಬಣ್ಣ, ರೆಕ್ಕೆತುದಿ ಕಪ್ಪು, ಆ ಕಪ್ಪಿನೊಳಗೆ ಬಿಳಿ ಮಚ್ಚೆ.

ಯಾವ ಗಲ್ ಎಂದು ಗುರುತಿಸಲು ಮೊದಲು ಕಾಲಿನ ಬಣ್ಣ, ಆಮೇಲೆ ಕೊಕ್ಕು, ಕೊನೆಗೆ ರೆಕ್ಕೆತುದಿ ನೋಡಿ. ಬಲಿತ ಹೆರ್ರಿಂಗ್ ಗಲ್‌ಗೆ ಗುಲಾಬಿ ಕಾಲು, ಹಳದಿ ಕೊಕ್ಕು, ಕೆಳಕೊಕ್ಕಿನಲ್ಲಿ ಕೆಂಪು ಚುಕ್ಕೆ. ಮರಿಗಳು ಕುಟುಕಿ ಆಹಾರ ಬೇಡುವುದು ಆ ಚುಕ್ಕೆಯನ್ನೇ. ಹೆಚ್ಚು ಜನ ಎಡವುವುದು ವಯಸ್ಸಿನಲ್ಲಿ. ಹೆರ್ರಿಂಗ್ ಗಲ್‌ಗೆ ಪೂರ್ಣ ಬೂದು-ಬಿಳಿ ಪುಕ್ಕ ಬರಲು ಸುಮಾರು 4 ವರ್ಷ ಬೇಕು. ಮೊದಲ ವರ್ಷದ್ದು ಮೈಯೆಲ್ಲ ಕಂದು, ಕೊಕ್ಕು ಕಪ್ಪು. ಅದನ್ನು ಬೇರೆಯೇ ಹಕ್ಕಿಯೆಂದು ಬರೆದುಬಿಡುತ್ತಾರೆ.

ಬೇರುಪದ:
‘ಕಾಮನ್ ಗಲ್’ ಕೂಡ ಇದೇ ಕಥೆ, ಎಲ್ಲ ಕಡೆಯೂ ಅದೇ ಹೆಚ್ಚಿರುವುದಿಲ್ಲ. ಅಮೆರಿಕದವರು ಅದನ್ನು ‘ಮ್ಯೂ ಗಲ್’ ಎನ್ನುತ್ತಿದ್ದರು, ಅಂದರೆ ‘ಗಲ್ ಗಲ್’! 2021ರಲ್ಲಿ ಅಲ್ಲಿನ ಹಕ್ಕಿಯನ್ನು ಬೇರೆ ಪ್ರಭೇದವೆಂದು ಎಣಿಸಿ ‘ಶಾರ್ಟ್-ಬಿಲ್ಡ್ ಗಲ್’ ಎಂದು ಹೆಸರಿಟ್ಟರು. ಹಳೆಯ ಕೈಪಿಡಿಗಳಲ್ಲಿ ಇನ್ನೂ ಮ್ಯೂ ಎಂದೇ ಇರುತ್ತದೆ.